ಚಳಿಗಾಲದ ಡೆನಿಮ್: ದುಡಿಯುವವರ ಬಟ್ಟೆ ಹೆಣ್ಣುಮಕ್ಕಳ ಉಡುಪಾದ ಕಥೆ



ಆಗಮನಕಾಲ ಶುರುವಾಯಿತೆಂದರೆ ನಮ್ಮ ಮನೆಗಳಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. ಒಂದು, ಕ್ರಿಸ್ಮಸ್ ರಾತ್ರಿಯ ಪೂಜೆಗೆ ಹೋಗುವಾಗ ಚಳಿಗೆ ಏನು ಹಾಕಿಕೊಳ್ಳುವುದು? ಇನ್ನೊಂದು, ಹುಡುಗಿಯರು ಜೀನ್ಸ್ ಹಾಕಿಕೊಂಡು ಚರ್ಚಿಗೆ ಬರುವುದು ಸರಿಯೇ? ನೀಲಗಿರಿ, ವಯನಾಡಿನ ಕಡೆಯವರಿಗೆ ಮೊದಲನೆಯ ಪ್ರಶ್ನೆ ದೊಡ್ಡದು. ಎರಡನೆಯದು ಎಲ್ಲ ಊರಲ್ಲೂ ಇದೆ. ಅಂಗಡಿಗಳಲ್ಲಂತೂ ಅಗಲ ಕಾಲಿನ ಜೀನ್ಸ್, ಉದ್ದನೆಯ ಡೆನಿಮ್ ಸ್ಕರ್ಟ್, ಒಳಗೆ ಕುರಿಯುಣ್ಣೆಯಂಥ ಬಟ್ಟೆ ಹೊಲಿದ ಡೆನಿಮ್ ಜಾಕೆಟ್ ಸಾಲಾಗಿ ತೂಗುತ್ತಿವೆ.

ವಾದಕ್ಕೆ ಇಳಿಯುವ ಮೊದಲು ಈ ಬಟ್ಟೆ ಎಲ್ಲಿಂದ ಬಂತು, ಹೆಣ್ಣುಮಕ್ಕಳ ಕೈಗೆ ಹೇಗೆ ಸಿಕ್ಕಿತು ಎಂದು ನೋಡೋಣ. ಕಥೆ ತಿಳಿದ ಮೇಲೆ ನಾವು ಕೇಳಬೇಕಾದ ಪ್ರಶ್ನೆಯೇ ಬೇರೆ ಎಂದು ನಿಮಗೂ ಅನ್ನಿಸಬಹುದು.

ಮೂರು ಊರು, ಮೂರು ಹೆಸರು

'ಡೆನಿಮ್' ಎಂಬ ಹೆಸರು ಫ್ರಾನ್ಸಿನ ನೀಮ್ ಎಂಬ ಊರಿನಿಂದ ಬಂದದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. 'ಸೆರ್ಜ್ ದ ನೀಮ್', ಅಂದರೆ ನೀಮ್ ಊರಿನ ಸೆರ್ಜ್ ಬಟ್ಟೆ. 'ಜೀನ್ಸ್' ಎಂಬ ಹೆಸರಿನ ಮೂಲ ಇಟಲಿಯ ಬಂದರು ಪಟ್ಟಣ ಜೆನೋವಾ. ಮೂರನೆಯ ಹೆಸರು ನಮ್ಮ ದೇಶದ್ದೇ. ಇಂಗ್ಲಿಷರು ಒರಟು ಕೆಲಸದ ಪ್ಯಾಂಟಿಗೆ 'ಡಂಗರಿ' ಎನ್ನುತ್ತಾರಲ್ಲ, ಆ ಪದ ಮುಂಬೈಯ ಡೋಂಗ್ರಿ ಪ್ರದೇಶದ ಹೆಸರಿನಿಂದ ಹೋದದ್ದು. ಅಲ್ಲಿ ಮಾರಾಟವಾಗುತ್ತಿದ್ದ ದಪ್ಪ ಹತ್ತಿ ಬಟ್ಟೆಯನ್ನು ಬಡವರು ಉಡುತ್ತಿದ್ದರು, ಹಡಗುಗಳಿಗೂ ಬಳಸುತ್ತಿದ್ದರು.

ಮೂರೂ ದುಡಿಯುವವರ ಬಟ್ಟೆಗಳೇ. ಹಾಗಾಗಿ ಡೆನಿಮ್ ಪೂರ್ತಿ ಪರದೇಶದ ವಸ್ತು ಎನ್ನುವುದೂ ಸರಿಯಲ್ಲ.

ಒಬ್ಬ ಹೆಂಗಸಿನ ಬೇಡಿಕೆ

ಇಂದಿನ ಜೀನ್ಸ್ ಹುಟ್ಟಿದ್ದು ಅಮೆರಿಕದ ನೆವಾಡ ರಾಜ್ಯದ ರೀನೋ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. 1870ರ ದಶಕದ ಆರಂಭದಲ್ಲಿ ಒಬ್ಬ ಮರ ಕಡಿಯುವವನ ಹೆಂಡತಿ ಅವನ ಬಳಿ ಬಂದು, ಗಂಡನಿಗೆ ಬೇಗ ಹರಿಯದ ಪ್ಯಾಂಟು ಹೊಲಿದುಕೊಡಲು ಕೇಳಿದಳು. ಡೇವಿಸ್ ಕಿಸೆಯ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. ಪ್ಯಾಂಟು ಗಟ್ಟಿಯಾಯಿತು, ಸುದ್ದಿ ಹರಡಿತು. ಪೇಟೆಂಟ್ ಪಡೆಯಲು ಒಬ್ಬನೇ ಹಣ ಹಾಕಲಾಗದೆ ಡೇವಿಸ್ ತನಗೆ ಬಟ್ಟೆ ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ಲೀವೈ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು.

ಪೇಟೆಂಟಿನಲ್ಲಿ ಡೇವಿಸ್‌ನ ಹೆಸರಿದೆ. ಪ್ಯಾಂಟು ಕೇಳಿಕೊಂಡು ಬಂದ ಆ ಹೆಂಗಸಿನ ಹೆಸರು ಅದರಲ್ಲಿ ಇಲ್ಲ. ಗಂಡನ ಹರಿದ ಬಟ್ಟೆಗೆ ತೇಪೆ ಹಾಕಿ ಹಾಕಿ ಸಾಕಾದ ಅವಳ ಕಷ್ಟದಿಂದಲೇ ಈ ಕಥೆ ಆರಂಭವಾಯಿತು ಎಂಬುದನ್ನು ಮರೆಯಬಾರದು.

ಚಳಿಗೆ ಡೆನಿಮ್ ಹೇಗೆ ಒದಗಿತು?

ಡೆನಿಮ್ ಅಡ್ಡಗೆರೆ ನೇಯ್ಗೆಯ ಒತ್ತಾದ ಬಟ್ಟೆ. ಹಾಸಿನ ನೂಲಿಗೆ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಅದಕ್ಕೇ ಜೀನ್ಸಿನ ಹೊರಗೆ ನೀಲಿ, ಒಳಗೆ ಬಿಳಿ ಕಾಣುತ್ತದೆ. ಒತ್ತಾಗಿ ನೇಯ್ದಿರುವುದರಿಂದ ಗಾಳಿಯನ್ನು ಸಾಕಷ್ಟು ತಡೆಯುತ್ತದೆ. ಆದರೆ ಇದು ಹತ್ತಿ. ಒದ್ದೆಯಾದರೆ ಬೇಗ ಒಣಗದು, ಬೆಚ್ಚಗೂ ಇಡದು.

ಅಮೆರಿಕದ ಬಯಲುಗಳಲ್ಲಿ ದನ ಕಾಯುವವರಿಗೆ ಚಳಿಗಾಲದಲ್ಲಿ ಇದು ದೊಡ್ಡ ತೊಂದರೆಯಾಗಿತ್ತು. ಪರಿಹಾರ ಸರಳವಾಗಿತ್ತು: ಡೆನಿಮ್ ಜಾಕೆಟ್ಟಿನ ಒಳಗೆ ಕಂಬಳಿ ಬಟ್ಟೆ ಹೊಲಿಯುವುದು. 1930ರ ದಶಕದಲ್ಲಿ ಲೀ ಕಂಪನಿ ತಂದ 'ಸ್ಟಾರ್ಮ್ ರೈಡರ್' ಜಾಕೆಟ್ ಇಂಥದ್ದು. ಒಳಗೆ ಕಂಬಳಿ, ಕುತ್ತಿಗೆಗೆ ಒರೆಯದಂತೆ ಕಾರ್ಡುರಾಯ್ ಕಾಲರ್. 1961ರಲ್ಲಿ ತೆರೆಗೆ ಬಂದ 'ದಿ ಮಿಸ್‌ಫಿಟ್ಸ್' ಚಿತ್ರದಲ್ಲಿ ನಟಿ ಮರಿಲಿನ್ ಮನ್ರೋ ಅದೇ ಜಾಕೆಟ್ ಹಾಕಿಕೊಂಡಳು. ದನಗಾಹಿಗಳ ಚಳಿಯಂಗಿ ಆಗ ಹೆಂಗಸರ ಫ್ಯಾಷನ್ ಕೂಡ ಆಯಿತು. ಈಗ ನಮ್ಮ ಅಂಗಡಿಗಳಲ್ಲಿ ಕಾಣುವ ಉಣ್ಣೆಯೊಳಗಿನ ಜಾಕೆಟ್ ಆ ಜಾಕೆಟ್ಟಿನ ಮೊಮ್ಮಗಳೇ.

ಹೆಂಗಸರು ಜೀನ್ಸ್ ತೊಟ್ಟಿದ್ದು

ಹೊಲಗಳಲ್ಲಿ, ದನದ ದೊಡ್ಡಿಗಳಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಹೆಂಗಸರು ಮೊದಮೊದಲು ಗಂಡ ಅಥವಾ ಅಣ್ಣನ ಪ್ಯಾಂಟನ್ನೇ ಹಾಕಿಕೊಳ್ಳುತ್ತಿದ್ದರು. 1934ರಲ್ಲಿ ಲೀವೈಸ್ ಕಂಪನಿ ಹೆಂಗಸರಿಗಾಗಿಯೇ 'ಲೇಡಿ ಲೀವೈಸ್' ಎಂಬ ಜೀನ್ಸ್ ಹೊರತಂದಿತು. ಮರುವರ್ಷ 'ವೋಗ್' ಪತ್ರಿಕೆಯಲ್ಲೂ ಜೀನ್ಸ್ ಕಾಣಿಸಿಕೊಂಡಿತು.

ನಿಜವಾದ ಬದಲಾವಣೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಗಂಡಸರು ಯುದ್ಧಕ್ಕೆ ಹೋದಾಗ ಲಕ್ಷಾಂತರ ಹೆಂಗಸರು ವಿಮಾನ, ಹಡಗಿನ ಕಾರ್ಖಾನೆಗಳಿಗೆ ಬಂದರು. ತಿರುಗುವ ಯಂತ್ರದ ಮುಂದೆ ಸ್ಕರ್ಟ್ ಅಪಾಯ. ಡೆನಿಮ್ ಪ್ಯಾಂಟು, ಮೇಲಂಗಿ, ತಲೆಗೆ ಕಟ್ಟಿದ ವಸ್ತ್ರ ಅವರ ಸಮವಸ್ತ್ರವಾದವು. ಮನೆಗೆಲಸದ ಆಳುಗಳೂ ಕಾರ್ಖಾನೆಗೆ ಹೋದಾಗ ಮನೆಯೊಡತಿಯರೇ ಪಾತ್ರೆ ತೊಳೆಯಬೇಕಾಯಿತು. ಅಂಥವರಿಗಾಗಿ ವಿನ್ಯಾಸಕಿ ಕ್ಲೇರ್ ಮೆಕಾರ್ಡೆಲ್ 1942ರಲ್ಲಿ ಡೆನಿಮ್ಮಿನ 'ಪಾಪ್ ಓವರ್' ಉಡುಪು ಮಾಡಿದಳು. ಮೈಗೆ ಸುತ್ತಿ ಕಟ್ಟಿಕೊಳ್ಳುವಂಥದ್ದು, ದೊಡ್ಡ ಕಿಸೆ, ಜೊತೆಗೆ ಬಿಸಿ ಪಾತ್ರೆ ಹಿಡಿಯುವ ಕೈಚೀಲ. ಬೆಲೆ 6.95 ಡಾಲರ್.

ಅಂದರೆ ಹೆಂಗಸರು ಡೆನಿಮ್ ತೊಟ್ಟದ್ದು ಮೊದಲು ದುಡಿಯುವುದಕ್ಕೆ. ಅಂದಕ್ಕೆ ತೊಟ್ಟಿದ್ದು ಆಮೇಲೆ.

ನೀಲಿಯ ಹಿಂದಿನ ಕಣ್ಣೀರು

ಡೆನಿಮ್ಮಿನ ನೀಲಿ 19ನೇ ಶತಮಾನದ ಕೊನೆಯವರೆಗೂ ಗಿಡದಿಂದಲೇ ಬರುತ್ತಿತ್ತು. ಆ ಶತಮಾನದಲ್ಲಿ ಜಗತ್ತಿಗೆ ನೀಲಿ ಕಳಿಸುತ್ತಿದ್ದ ನಾಡುಗಳಲ್ಲಿ ಬಂಗಾಳ ಬಹಳ ದೊಡ್ಡದು. ಅಲ್ಲಿ ಬ್ರಿಟಿಷ್ ತೋಟದೊಡೆಯರು ರೈತರಿಗೆ ಮುಂಗಡ ಸಾಲ ಕೊಟ್ಟು, ಭತ್ತ ಬೆಳೆಯುವ ಹೊಲದಲ್ಲಿ ಬಲವಂತವಾಗಿ ನೀಲಿ ಬೆಳೆಸುತ್ತಿದ್ದರು. ಸಾಲ ತೀರುತ್ತಿರಲಿಲ್ಲ, ಒಪ್ಪದವರಿಗೆ ಹೊಡೆತ. 1859ರಲ್ಲಿ ರೈತರು ಎದ್ದು ನಿಂತು ಇನ್ನು ನೀಲಿ ಬಿತ್ತುವುದಿಲ್ಲ ಎಂದರು.

ದೀನಬಂಧು ಮಿತ್ರ ಎಂಬ ಲೇಖಕ 1860ರಲ್ಲಿ ಈ ಸಂಕಟವನ್ನು 'ನೀಲ ದರ್ಪಣ' ಎಂಬ ಬಂಗಾಳಿ ನಾಟಕವಾಗಿ ಬರೆದ. ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದವರು ಕಲ್ಕತ್ತೆಯಲ್ಲಿದ್ದ ಐರ್ಲೆಂಡ್ ಮೂಲದ ಮಿಷನರಿ ರೆವರೆಂಡ್ ಜೇಮ್ಸ್ ಲಾಂಗ್. ತೋಟದೊಡೆಯರು ಮಾನಹಾನಿ ಮೊಕದ್ದಮೆ ಹೂಡಿದರು. 1861ರಲ್ಲಿ ನ್ಯಾಯಾಲಯ ಲಾಂಗ್ ಅವರಿಗೆ ಒಂದು ತಿಂಗಳ ಜೈಲು, 1,000 ರೂಪಾಯಿ ದಂಡ ವಿಧಿಸಿತು. ದಂಡದ ಹಣವನ್ನು ಅಲ್ಲೇ ಕಟ್ಟಿದವರು ಬಂಗಾಳಿ ಲೇಖಕ ಕಾಳಿಪ್ರಸನ್ನ ಸಿಂಹ. ಜೈಲಿಗೆ ಲಾಂಗ್ ಅವರೇ ಹೋದರು. ತನ್ನದೇ ಜನಾಂಗದ ಶ್ರೀಮಂತರ ಎದುರು ಬಡ ರೈತರ ಪರ ನಿಂತ ಈ ಮಿಷನರಿಯ ಹೆಸರು ನಮ್ಮ ಯುವಜನರಿಗೆ ಗೊತ್ತಿರಬೇಕು.

1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಯ ಬೇಡಿಕೆ ಕುಸಿಯಿತು. ಆದರೂ ಬಿಹಾರದ ಚಂಪಾರಣ್ಯದ ರೈತರು 1917ರಲ್ಲಿ ಗಾಂಧೀಜಿ ಬರುವವರೆಗೆ ಬಲವಂತದ ನೀಲಿ ಬೇಸಾಯದ ಭಾರ ಹೊತ್ತರು.

ನಮ್ಮ ಕಡೆಯ ಜೀನ್ಸ್

ಭಾರತದಲ್ಲಿ ಜೀನ್ಸ್ ಬಹುಕಾಲ ಪಟ್ಟಣದ ಉಳ್ಳವರ ಉಡುಪಾಗಿತ್ತು. 1980ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್ 'ಫ್ಲೈಯಿಂಗ್ ಮಷೀನ್' ಹೊರತಂದಿತು. ಅದೇ ಕಂಪನಿ 1995ರಲ್ಲಿ 'ರಫ್ ಅಂಡ್ ಟಫ್' ಎಂಬ ಕಿಟ್ ಮಾರಿತು: ಡೆನಿಮ್ ಬಟ್ಟೆ, ಜಿಪ್, ರಿವೆಟ್, ಗುಂಡಿ ಎಲ್ಲ ಒಂದೇ ಪೊಟ್ಟಣದಲ್ಲಿ. ಊರಿನ ದರ್ಜಿಯ ಕೈಗೆ ಕೊಟ್ಟರೆ ಜೀನ್ಸ್ ತಯಾರು. ಹಳ್ಳಿಗಳಿಗೆ ಜೀನ್ಸ್ ತಲುಪಿದ್ದರಲ್ಲಿ ಆ ಕಿಟ್ಟಿಗೂ ಪಾಲಿದೆ.

ನಮ್ಮ ಗಡಿಯಲ್ಲೇ ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಗಡಿಯಾಚೆ ರಾಯದುರ್ಗದಲ್ಲೂ ಅದೇ ಕಸುಬು. ಅಲ್ಲಿ ಕತ್ತರಿಸುವವರು, ಹೊಲಿಯುವವರು, ಒಗೆಯುವವರು, ಮನೆಯಲ್ಲಿ ಕೂತು ಹೆಚ್ಚುವರಿ ನೂಲು ಕತ್ತರಿಸಿ ತುಂಡಿಗಿಷ್ಟು ಎಂದು ಕೂಲಿ ಪಡೆಯುವ ಹೆಂಗಸರು ಇದ್ದಾರೆ. ನಾವು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳುವ ಜೀನ್ಸ್ ಇಂಥ ಹಲವು ಕೈ ದಾಟಿ ಬಂದಿರುತ್ತದೆ.

ಹಳತಾದಂತೆ ಕಾಣುವ ಜೀನ್ಸಿಗೆ ಇನ್ನೊಂದು ಬೆಲೆಯೂ ಇತ್ತು. ಟರ್ಕಿಯಲ್ಲಿ ಬಟ್ಟೆಯ ಮೇಲೆ ಮರಳು ಚಿಮ್ಮಿಸಿ ಬಣ್ಣ ಮಾಸುವಂತೆ ಮಾಡುತ್ತಿದ್ದರು. ಆ ದೂಳು ಉಸಿರಿನಲ್ಲಿ ಸೇರಿ ಯುವ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಿಂದ ಸತ್ತರು. 2009ರಲ್ಲಿ ಅಲ್ಲಿನ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು.

ಹಾಗಾದರೆ ನಮ್ಮ ಪ್ರಶ್ನೆ ಯಾವುದು?

1999ರಲ್ಲಿ ಇಟಲಿಯ ಪರಮೋಚ್ಚ ನ್ಯಾಯಾಲಯದ ಒಂದು ತೀರ್ಪು ಜಗತ್ತಿಗೇ ಸುದ್ದಿಯಾಯಿತು. ಅತ್ಯಾಚಾರದ ದೂರು ಕೊಟ್ಟ ಯುವತಿ ಬಿಗಿ ಜೀನ್ಸ್ ತೊಟ್ಟಿದ್ದಳು, ಅವಳ ಸಹಕಾರವಿಲ್ಲದೆ ಅದನ್ನು ತೆಗೆಯಲಾಗದು ಎಂದು ಹೇಳಿ ಆರೋಪಿಯ ಶಿಕ್ಷೆಯನ್ನು ರದ್ದುಮಾಡಲಾಗಿತ್ತು. ಅಲ್ಲಿನ ಸಂಸತ್ತಿನ ಮಹಿಳೆಯರು ಜೀನ್ಸ್ ತೊಟ್ಟು ಪ್ರತಿಭಟಿಸಿದರು. ಅದೇ ವರ್ಷ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 'ಡೆನಿಮ್ ಡೇ' ಆರಂಭವಾಯಿತು. 2008ರಲ್ಲಿ ಅದೇ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ತೊಟ್ಟ ಬಟ್ಟೆಯಿಂದ ಹೆಣ್ಣನ್ನು ಅಳೆಯುವ ಅಭ್ಯಾಸ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಮರ್ಯಾದೆಯಾಗಿ ಉಡಬೇಕು ಎಂದು ಹಿರಿಯರು ಹೇಳುವ ಮಾತು ಹುಡುಗರಿಗೂ ಹುಡುಗಿಯರಿಗೂ ಒಂದೇ. ಅದನ್ನು ನಾವು ಒಪ್ಪುತ್ತೇವೆ. ಆದರೆ ಯುದ್ಧಕಾಲದ ಕಾರ್ಖಾನೆಯಲ್ಲಿ ದುಡಿದವರ, ದನದ ಹಟ್ಟಿಯಲ್ಲಿ ಚಳಿ ತಡೆದವರ ಬಟ್ಟೆಯನ್ನು ಹುಡುಗಿಯೊಬ್ಬಳು ತೊಟ್ಟರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ನಮಗೆ ಕಾಣುವುದಿಲ್ಲ. 'ಇವಳು ಯಾಕೆ ಇದನ್ನು ತೊಟ್ಟಳು' ಎನ್ನುವ ಬದಲು 'ಇದನ್ನು ಹೊಲಿದವಳಿಗೆ ಎಷ್ಟು ಸಿಕ್ಕಿತು' ಎಂದು ನಾವೆಲ್ಲ ಕೇಳುವುದು ಒಳ್ಳೆಯದು.

ಈ ಚಳಿಗಾಲಕ್ಕೆ ಒಂದಿಷ್ಟು ಮಾತು. ಒಂದು ಜೀನ್ಸ್ ಹತ್ತಿ ಹೊಲದಿಂದ ಹಿಡಿದು ನಾವು ಬಳಸಿ ಬಿಸಾಡುವವರೆಗೆ ಸುಮಾರು 3,781 ಲೀಟರ್ ನೀರು ಬೇಡುತ್ತದೆ ಎಂದು ಲೀವೈಸ್ ಕಂಪನಿಯೇ 2015ರಲ್ಲಿ ಲೆಕ್ಕ ಕೊಟ್ಟಿದೆ. ಆದ್ದರಿಂದ ಮೂರು ತೆಳು ಜೀನ್ಸಿನ ಬದಲು ಒಂದು ಗಟ್ಟಿಯಾದದ್ದನ್ನು ಕೊಳ್ಳಿ. ಪ್ರತಿ ಸಲ ತೊಟ್ಟ ಮೇಲೂ ಒಗೆಯಬೇಡಿ; ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಹಳೆಯ ಡೆನಿಮ್ ಜಾಕೆಟ್ ಇದ್ದರೆ ಒಳಗೆ ಅಜ್ಜಿಯ ಹಳೆ ಶಾಲು ಹೊಲಿಸಿ. ಬೆಚ್ಚಗಿರುತ್ತದೆ, ಊರಿನ ದರ್ಜಿಗೂ ನಾಲ್ಕು ಕಾಸು ಸಿಗುತ್ತದೆ. ಚಿಕ್ಕದಾದ ಜೀನ್ಸ್, ಜಾಕೆಟ್ ಇನ್ನೂ ಗಟ್ಟಿಯಾಗಿದ್ದರೆ ಒಗೆದು, ಮಡಚಿ, ಕ್ರಿಸ್ಮಸ್‌ಗೆ ಮೊದಲೇ ಚಳಿಯಲ್ಲಿರುವ ಇನ್ನೊಬ್ಬರ ಕೈಗೆ ಕೊಡಿ.