ದೂರದ ಓಟದ ಅಭ್ಯಾಸ: ಅಭ್ಯರ್ಥಿಗಳಿಗೆ ಸಾಮಾನ್ಯ ಮಾಹಿತಿ

ಕುಂಭಾಶಿ ಹಾಗೂ ಸುತ್ತಲಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕ್ರೀಡಾಕೂಟ ಅಥವಾ ನೇಮಕಾತಿಗಾಗಿ ಓಟದ ಅಭ್ಯಾಸ ಕೈಗೊಳ್ಳುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಅಧಿಸೂಚನೆಗಳಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಓಡಬೇಕೆಂಬ ಷರತ್ತು ಇದ್ದಿತು. ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಗಳಿಸಿದ್ದರೂ ಇಲ್ಲಿ ಕೆಲವೇ ಸೆಕೆಂಡು ತಡವಾದಲ್ಲಿ ಅಭ್ಯರ್ಥಿಯು ಹೊರಗುಳಿಯುವರು. ಈ ಭಯದಿಂದಲೇ ಹಲವರು ಕಡೆಯ ಕೆಲವು ವಾರ ಪ್ರತಿದಿನವೂ ಗಡಿಯಾರ ಹಿಡಿದು ಪೂರ್ಣ ವೇಗದಲ್ಲಿ ಓಡುತ್ತಾರೆ. ಇದು ಅಭ್ಯಾಸವಲ್ಲ, ಪ್ರತಿದಿನದ ಪರೀಕ್ಷೆ. ಉಳಿತಾಯ ಖಾತೆಗೆ ಹಣ ಕಟ್ಟದೆ ದಿನವೂ ಹಿಂಪಡೆದಂತೆ.

ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅವರ ಪದ್ಧತಿ ಇದಕ್ಕೆ ತದ್ವಿರುದ್ಧವಾದುದು. ಅವರ ಶಿಷ್ಯರಾದ ಪೀಟರ್ ಸ್ನೆಲ್ (800 ಮೀಟರ್) ಮತ್ತು ಮರ್ರೆ ಹಾಲ್ಬರ್ಗ್ (5000 ಮೀಟರ್) 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಚಿನ್ನದ ಪದಕ ಪಡೆದರು. ಎರಡು ನಿಮಿಷವೂ ಹಿಡಿಯದ ಸ್ಪರ್ಧೆಗಾಗಿ ಸ್ನೆಲ್ ವಾರಕ್ಕೆ ಸುಮಾರು 160 ಕಿ.ಮೀ. ಓಡುತ್ತಿದ್ದರು. ಮೊದಲು ತಿಂಗಳುಗಟ್ಟಲೆ ನಿಧಾನದ ದೀರ್ಘ ಓಟ, ನಂತರ ಏರುದಾರಿಯ ಓಟ, ಕೊನೆಗೆ ವೇಗ ಎಂಬುದು ಕ್ರಮ. ಸಾಮಾನ್ಯ ಅಭ್ಯರ್ಥಿಯು ಅನುಸರಿಸಬೇಕಾದುದು ಈ ಕ್ರಮವನ್ನೇ ಹೊರತು ಆ 160 ಕಿ.ಮೀ.ಗಳನ್ನಲ್ಲ.

ಜೊತೆಗಾರರೊಡನೆ ಮಾತನಾಡುತ್ತ ಓಡಬಹುದಾದ ವೇಗವೇ ನಿಧಾನದ ಓಟದ ಅಳತೆ. ಇದರಿಂದ ಹೃದಯದ ಪ್ರತಿ ಬಡಿತಕ್ಕೆ ಹರಿಯುವ ರಕ್ತ ಹೆಚ್ಚುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ವೃದ್ಧಿಯಾಗುತ್ತವೆ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ತಡವಾಗಿ ಪಳಗುತ್ತವೆ. ದೂರವನ್ನು ಅವಸರದಿಂದ ಹೆಚ್ಚಿಸಿದವರಿಗೆ ಮೊಣಕಾಲಿನ ಕೆಳಗಿನ ಮುಂಭಾಗದಲ್ಲಿ ನೋವು ಕಾಣಿಸಿಕೊಳ್ಳುವುದು ಇದರಿಂದಲೇ. ವಾರಕ್ಕೆ ಒಂದು ಅಥವಾ ಎರಡು ದಿನ ಮಾತ್ರ ವೇಗದ ಓಟ ಸಾಕು. ಒಂದು ದಿನ ಪೂರ್ಣ ವಿಶ್ರಾಂತಿ ಅಗತ್ಯ.

ವೇಗವನ್ನು ಲೆಕ್ಕದಿಂದ ತಿಳಿಯುವುದು ಒಳ್ಳೆಯದು. ಮೇಲ್ಕಂಡ ಕಾಲಮಿತಿಗೆ 400 ಮೀಟರಿನ ಪ್ರತಿ ಸುತ್ತಿಗೆ 97.5 ಸೆಕೆಂಡು ದೊರೆಯುತ್ತದೆ. ಉತ್ಸಾಹದಲ್ಲಿ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸಿದವರು ಸಾಮಾನ್ಯವಾಗಿ ಮೂರನೆಯ ಸುತ್ತಿನಲ್ಲಿ ಸೋಲುತ್ತಾರೆ.

ಕುಂಭಾಶಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವುದರಿಂದ ನಸುಕಿನ ಕತ್ತಲಲ್ಲಿ ಹೆದ್ದಾರಿಯಂಚಿನಲ್ಲಿ ಓಡುವುದು ಅಪಾಯಕಾರಿ. ಶಾಲಾ ಮೈದಾನ ಅಥವಾ ಒಳರಸ್ತೆ ಲೇಸು. ಕಡಲತೀರವಾದರೆ ಇಳಿತದ ವೇಳೆಯ ಗಟ್ಟಿ ಮರಳನ್ನು ಆರಿಸಿಕೊಂಡು, ಇಳಿಜಾರಿನಿಂದ ಒಂದೇ ಕಾಲಿಗೆ ಭಾರ ಬೀಳದಂತೆ ಹೋದಷ್ಟೇ ದೂರ ಮರಳಿ ಬರತಕ್ಕದ್ದು. ಕರಾವಳಿಯ ಆರ್ದ್ರತೆಯಲ್ಲಿ ಬೆವರು ಬೇಗ ಆರದ ಕಾರಣ ಅದೇ ವೇಗಕ್ಕೆ ಹೆಚ್ಚು ಶ್ರಮವಾಗುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಸೂರ್ಯೋದಯದ ವೇಳೆಗೇ ಓಟ ಮುಗಿಸುವುದು ಸೂಕ್ತ. ಸಿಂಥೆಟಿಕ್ ಓಟದ ಪಥದ ಪರಿಚಯ ಬೇಕಾದವರಿಗೆ ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಕ್ರೀಡಾಂಗಣವಿದೆ.

ಓಟದ ವೇಳೆ ಎದೆನೋವು ಅಥವಾ ತಲೆಸುತ್ತು ಕಂಡುಬಂದಲ್ಲಿ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ದೂರ ಹಾಗೂ ಕಾಲಮಿತಿಗೆ ಸಂಬಂಧಿಸಿದಂತೆ ಆಯಾ ನೇಮಕಾತಿಯ ಅಧಿಸೂಚನೆಯೇ ಅಂತಿಮವಾಗಿರುತ್ತದೆ.