ಕೋಹಾ: ಒಂದು ಮುಯ್ಯಿಯ ಕಥೆ

ನಮ್ಮ ಹಳ್ಳಿಗಳಲ್ಲಿ ‘ಮುಯ್ಯಾಳು’ ಎಂಬ ಮಾತು ಪರಿಚಿತವಾದುದು. ಇಂದು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು ಬರತಕ್ಕದ್ದು. ಅಲ್ಲಿ ಕೂಲಿಯಿಲ್ಲ, ಹಾಗೆಂದು ಅದು ಪುಕ್ಕಟೆಯೂ ಅಲ್ಲ. ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಇದಕ್ಕೆ ಸಮೀಪವಾದ ಶಬ್ದವೊಂದುಂಟು: ‘ಕೋಹಾ’. ಅತಿಥಿಯು ಆತಿಥೇಯರಿಗೆ ಒಪ್ಪಿಸುವ ಕಾಣಿಕೆ ಅದು. ಎಂದಾದರೊಂದು ದಿನ ಮರಳಿ ಸಲ್ಲಬೇಕೆಂಬ ಭಾವವೂ ಅದರಲ್ಲಿ ಅಡಗಿದೆ. ಈ ಹೆಸರನ್ನು ಹೊತ್ತ ತಂತ್ರಾಂಶವೇ ಇಂದು ನಮ್ಮ ದೇಶದ ಎಷ್ಟೋ ಕಾಲೇಜು ಗ್ರಂಥಾಲಯಗಳ ಲೆಕ್ಕವನ್ನಿಡುತ್ತಿದೆ.

ಅದರ ಹುಟ್ಟು 1999ರಲ್ಲಿ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿನವರ ಹಳೆಯ ಗಣಕವ್ಯವಸ್ಥೆ 2000ನೆಯ ಇಸವಿಯನ್ನು ದಾಟುವಂತಿರಲಿಲ್ಲ. ಅವರು ಕಟಿಪೊ ಎಂಬ ಸಣ್ಣ ಸಂಸ್ಥೆಗೆ ಹಣ ಕೊಟ್ಟು ಹೊಸದೊಂದನ್ನು ಬರೆಯಿಸಿದರು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ತೊಡಗಿತು. ಬಳಿಕ ಅದರ ಮೂಲಬರಹವನ್ನೇ ಲೋಕಕ್ಕೆ ಬಿಟ್ಟುಕೊಟ್ಟರು. ಇದರಲ್ಲಿ ಔದಾರ್ಯವಿತ್ತು, ಲೋಕಜ್ಞಾನವೂ ಇತ್ತು. ಒಬ್ಬರೇ ಬಳಸುವ ತಂತ್ರಾಂಶ, ಬರೆದವರು ಕೈಬಿಟ್ಟ ದಿನವೇ ಅನಾಥವಾಗುತ್ತದೆಯಷ್ಟೆ!

ಮುಯ್ಯಿ ಬೇಗನೆ ಮರಳಿತು. ಅಮೆರಿಕದ ಒಹಾಯೊ ರಾಜ್ಯದ ನೆಲ್ಸನ್‌ವಿಲ್ ಸಾರ್ವಜನಿಕ ಗ್ರಂಥಾಲಯದವರು ತಮಗೆ ಬೇಕಾದ ‘ಮಾರ್ಕ್’ ಸೂಚೀಕ್ರಮವನ್ನು ತಮ್ಮ ಹಣದಿಂದ ಅದಕ್ಕೆ ಸೇರಿಸಿಸಿದರು. ಫಲ ಎಲ್ಲರಿಗೂ ದಕ್ಕಿತು. ಹಣ ಪಡೆದು ನೆರವು ನೀಡುವ ಸಂಸ್ಥೆಗಳೂ ಹುಟ್ಟಿದವು. ಅವುಗಳಲ್ಲೊಂದಾದ ಅಮೆರಿಕದ ಲಿಬ್‌ಲೈಮ್, 2007ರಲ್ಲಿ ಕಟಿಪೊದವರ ಕೋಹಾ ವ್ಯವಹಾರವನ್ನು ಕೊಂಡುಕೊಂಡಿತು. 2009ರಲ್ಲಿ ಅದು ತನ್ನ ಗಿರಾಕಿಗಳಿಗೆಂದೇ ಬೇರೊಂದು ಆವೃತ್ತಿಯನ್ನು ಸಾರಿದಾಗ ಬಳಗ ಒಡೆಯಿತು. ಮರುವರ್ಷ ಲಿಬ್‌ಲೈಮ್ ಮತ್ತೊಂದು ಸಂಸ್ಥೆಯ ಕೈಸೇರಿತು. ಕೊನೆಗೆ ‘ಕೋಹಾ’ ಎಂಬ ಹೆಸರಿಗೇ ನ್ಯೂಜಿಲೆಂಡಿನಲ್ಲಿ ವ್ಯಾಪಾರಮುದ್ರೆಯ ಹಕ್ಕನ್ನು ಕೇಳಲಾಯಿತು. ಕಾಣಿಕೆಯ ಹೆಸರೇ ಒಬ್ಬರ ಸೊತ್ತಾಗುವ ಹೊತ್ತು! ಟ್ರಸ್ಟಿನವರು ಎದುರು ನಿಂತರು. ದೇಶದೇಶಗಳಿಂದ ಅವರಿಗೆ ನೆರವು ಬಂದಿತು. 2013ರಲ್ಲಿ ಆ ಅರ್ಜಿ ತಿರಸ್ಕೃತವಾಯಿತು.

ಹಾಗಾದರೆ ಹಣ ಕೊಟ್ಟು ನೆರವು ಪಡೆಯುವುದು ತಪ್ಪೇ? ಅಲ್ಲ. ನಾನು ಕಂಡ ಒಂದು ಕಾಲೇಜಿನಲ್ಲಿ ಕೋಹಾ ಬಲ್ಲವರು ಒಬ್ಬರೇ ಇದ್ದರು. ಅವರು ಬೇರೆ ಕೆಲಸ ಹಿಡಿದು ಹೋದ ಮೇಲೆ ತಿಂಗಳುಗಟ್ಟಲೆ ಹಳೆಯ ರಿಜಿಸ್ಟರೇ ಗತಿಯಾಯಿತು. ಬಳಗದವರು ಬಲ್ಲವರು ನಿಜ. ಆದರೆ ಇಂಥ ಗಳಿಗೆಗೆ ಬಂದೇ ತೀರುತ್ತೇವೆಂದು ಅವರು ಮಾತು ಕೊಟ್ಟಿಲ್ಲ. ಹಣಕ್ಕೆ ದೊರೆಯುವುದು ಆ ಮಾತು. ಬಳಗದಿಂದ ದೊರೆಯುವುದು ಬೇರೆ: ಮಾತು ಕೊಟ್ಟವರು ತಪ್ಪಿದರೆ ಇನ್ನೊಬ್ಬರ ಬಳಿಗೆ ಹೋಗುವ ಸ್ವಾತಂತ್ರ್ಯ. ಹೊರೊಫೆನುವಾದವರು ಎರಡನ್ನೂ ಉಳಿಸಿಕೊಂಡವರು. ಅವರು ಬರೆದವರಿಗೆ ಹಣ ಕೊಟ್ಟರು, ಬರೆದುದನ್ನು ಎಲ್ಲರ ಕೈಗಿಟ್ಟರು. ಆದುದರಿಂದ ಹಣ ಕೊಡುವವರು ಮೊದಲು ಕೇಳಬೇಕಾದ ಪ್ರಶ್ನೆ ದರದ್ದಲ್ಲ. ನೀವು ಮಾಡುವ ತಿದ್ದುಪಡಿ ಬಳಗಕ್ಕೆ ಮರಳುವುದೇ ಎಂಬುದು.

ನಮ್ಮಲ್ಲಿ ಅನೇಕರು ಕೋಹಾವನ್ನು ಆರಿಸಿದುದು ಅದು ಪುಕ್ಕಟೆಯೆಂದು. ನಾಟಿ ಮಾಡಿಸಿಕೊಂಡು ಮುಯ್ಯಿ ತೀರಿಸದವನ ಗದ್ದೆಗೆ ಮರುವರ್ಷ ಯಾರು ಬಂದಾರು? ಮುಯ್ಯಿ ತೀರಿಸಲು ಯಂತ್ರಜ್ಞರೇ ಆಗಬೇಕಿಲ್ಲ. ಕೋಹಾದ ಪರದೆಯ ಮಾತುಗಳನ್ನು ಭಾಷೆಭಾಷೆಗೆ ತರುವವರು ಸ್ವಯಂಸೇವಕರು. ಅವನ್ನು ಒಳ್ಳೆಯ ಕನ್ನಡಕ್ಕೆ ತರುವ ಕೆಲಸ ನನ್ನಂಥ ಕನ್ನಡದ ಅಧ್ಯಾಪಕನಿಂದಲೂ ಆದೀತು.