ಯಂತ್ರದ ಬೆನ್ನು ಬಿಚ್ಚಿದವರು

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಹೊಸದಾಗಿ ಮನೆಗೆ ಬಂದಾಗ ಅದರ ಬೆನ್ನಿನಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳಿರುತ್ತವೆ. ಲಾರಿಯಲ್ಲಿ ಬರುವಾಗ ಒಳಗಿನ ಡ್ರಮ್ ಅಲುಗಾಡಿ ಪೆಟ್ಟಾಗದಿರಲಿ ಎಂದು ಹಾಕಿದ ಟ್ರಾನ್ಸಿಟ್ ಬೋಲ್ಟುಗಳು. ಅವನ್ನು ತೆಗೆಯದೆ ಚಾಲೂ ಮಾಡಿದರೆ ಸ್ಪಿನ್ ಹೊತ್ತಿಗೆ ಮೆಷಿನ್ ಬಾಲ್ಕನಿಯಿಂದ ಹಾಲಿನ ಕಡೆಗೆ ನಡೆಯತೊಡಗುತ್ತದೆ. ನಮ್ಮ ಹಾಗೆ ಕೆಲಸದ ಬೆನ್ನು ಹತ್ತಿ ಊರಿಂದೂರಿಗೆ ಹೋಗುವ ಮನೆಗಳಲ್ಲಿ, ಸಾಮಾನು ಕಟ್ಟುವ ದಿನ ಆ ಬೋಲ್ಟುಗಳಿಗಾಗಿ ಡಬ್ಬ ಡಬ್ಬಗಳನ್ನು ತಡಕಾಡುವುದು ಮಾಮೂಲು. ಈ ಪುಟ್ಟ ಬೋಲ್ಟಿನ ಹಿಂದೆ ಹೆಚ್ಚುಕಡಿಮೆ 90 ವರ್ಷದ ಕತೆಯಿದೆ.

ಬಟ್ಟೆಯನ್ನು ಪೀಪಾಯಿಯಂಥ ಡ್ರಮ್ಮಿಗೆ ಹಾಕಿ ತಿರುಗಿಸುವ ಯೋಚನೆ ಹಳೆಯದೇ. ಜರ್ಮನಿಯ ರೆಗೆನ್ಸ್‌ಬರ್ಗಿನ ಪಾದ್ರಿ ಯಾಕೋಬ್ ಕ್ರಿಸ್ಟಿಯಾನ್ ಷೆಫರ್ 1760ರ ದಶಕದಲ್ಲೇ ತನ್ನ ಒಗೆಯುವ ಯಂತ್ರದ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ್ದ. 1782ರಲ್ಲಿ ಇಂಗ್ಲೆಂಡಿನ ಹೆನ್ರಿ ಸಿಡ್ಜಿಯರ್ ತಿರುಗುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಆದರೆ ಮುಂದೆ ಗಾಜಿನ ಬಾಗಿಲು, ತಾನೇ ನೀರು ತುಂಬಿಕೊಂಡು, ಒಗೆದು, ಜಾಲಿಸಿ, ಹಿಂಡಿಕೊಡುವ ಮನೆಬಳಕೆಯ ಯಂತ್ರ ಬಂದದ್ದು 1937ರಲ್ಲಿ, ಅಮೆರಿಕದ ಬೆಂಡಿಕ್ಸ್ ಕಂಪನಿಯಿಂದ. ಆ ಯಂತ್ರವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು. 1951ರಲ್ಲಿ ಜರ್ಮನಿಯಲ್ಲಿ ಬಂದ ಕನ್‌ಸ್ಟ್ರುಕ್ಟಾ ಮೆಷಿನ್ನಿನ ಪಾಡೂ ಅದೇ. ಒಳಗೆ ಡ್ರಮ್ಮನ್ನು ತೂಗಿ ಹಿಡಿಯುವ ಸ್ಪ್ರಿಂಗಿನ ವ್ಯವಸ್ಥೆ ಇಲ್ಲದ ಕಾರಣ ಅದುರುವಿಕೆಯನ್ನೆಲ್ಲ ಮನೆಯ ನೆಲವೇ ತಡೆದುಕೊಳ್ಳಬೇಕಿತ್ತು.

ಆ ಅದುರುವಿಕೆ ಎಷ್ಟು ಎಂದು ಒಂದು ಸಣ್ಣ ಲೆಕ್ಕ ಹಾಕೋಣ (ಎಂ.ಟೆಕ್. ಓದಿದ ಚಟ, ಸಹಿಸಿಕೊಳ್ಳಿ). ಒಂದು ಕಿಲೋ ಒದ್ದೆ ಬಟ್ಟೆ ಡ್ರಮ್ಮಿನ ಒಂದೇ ಬದಿಗೆ ಮುದ್ದೆಯಾಗಿ ಕೂತಿದೆ, ಡ್ರಮ್ಮಿನ ತ್ರಿಜ್ಯ 25 ಸೆಂಟಿಮೀಟರ್, ವೇಗ ನಿಮಿಷಕ್ಕೆ 1200 ಸುತ್ತು. ಆಗ ಆ ಮುದ್ದೆ ಡ್ರಮ್ಮನ್ನು ಹೊರಕ್ಕೆಳೆಯುವ ಬಲ ಸುಮಾರು 400 ಕಿಲೋ ತೂಕಕ್ಕೆ ಸಮ. ಅದೂ ಸೆಕೆಂಡಿಗೆ 20 ಸಲ ದಿಕ್ಕು ಬದಲಿಸುತ್ತ. ಇದನ್ನು ಪಳಗಿಸಲು ಎಂಜಿನಿಯರುಗಳು ಕಂಡುಕೊಂಡ ಉಪಾಯ ಅಷ್ಟೇನೂ ನಾಜೂಕಿನದಲ್ಲ: ಡ್ರಮ್ಮಿನ ಹೊರತೊಟ್ಟಿಯನ್ನು ಸ್ಪ್ರಿಂಗುಗಳಿಂದ ತೂಗುಹಾಕಿ, ಕೆಳಗೆ ಸ್ಕೂಟರಿಗಿರುವಂಥ ಶಾಕ್ ಅಬ್ಸಾರ್ಬರ್ ಕೊಟ್ಟು, ಅದರ ಮೈಗೆ ಭಾರದ ಕಾಂಕ್ರೀಟ್ ದಿಮ್ಮಿ ಬಿಗಿಯುವುದು. ಇಬ್ಬರು ಗಂಡಾಳುಗಳು ಏದುಸಿರು ಬಿಡುತ್ತ ಮೆಷಿನ್ ಹೊತ್ತು ತರುವುದು ಈ ಕಾಂಕ್ರೀಟಿನಿಂದಾಗಿ. ನೆಲಕ್ಕಿದ್ದ ಬೋಲ್ಟು ಹೋಯಿತು, ಪ್ರಯಾಣಕ್ಕೆಂದು ಬೆನ್ನಿಗೆ ಬೋಲ್ಟು ಬಂತು.

ಹೀಗೆ ನೋಡಿದರೆ ಮೆಷಿನ್ನಿನ ಪ್ರತಿ ಕೆಡುಕಿಗೂ ಒಂದು ಹುಟ್ಟಿದ ಕಾಲವಿದೆ. ಸ್ಪಿನ್ನಿನಲ್ಲಿ ದಡಬಡ ಎನ್ನುತ್ತಿದ್ದರೆ ಆ ಕಾಲಕ್ಕೆ ಹೋಗಿ ಯೋಚಿಸಿ. ಮೊದಲು ನಾಲ್ಕೂ ಕಾಲು ನೆಲಕ್ಕೆ ಸಮವಾಗಿ ಕೂತಿವೆಯೇ ಎಂದು ಮೂಲೆ ಒತ್ತಿ ನೋಡಬೇಕು. ಅಲುಗಾಡುವ ಕಾಲನ್ನು ಸ್ಪ್ಯಾನರಿನಿಂದ ತಿರುಗಿಸಿ ಎತ್ತರ ಸರಿಮಾಡಿ, ಮೇಲಿನ ನಟ್ಟು ಬಿಗಿಯುವುದು ಹತ್ತು ನಿಮಿಷದ ಕೆಲಸ. ಆಮೇಲೆ ಬಾಗಿಲು ತೆರೆದು ಖಾಲಿ ಡ್ರಮ್ಮನ್ನು ಕೈಯಿಂದ ಕೆಳಕ್ಕೆ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಶಾಕ್ ಅಬ್ಸಾರ್ಬರ್ ಸರಿಯಿದೆ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಅವು ಸವೆದಿವೆ.

ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ಕಾಡಿದ್ದು: ಈ ಯಂತ್ರದ ಮುಂದೆ ನಿಂತು ಕೆಲಸ ಮಾಡಿದವರು ಹೆಂಗಸರು, ಅದರ ಹಿಂದೆ ಹೋಗಿ ಬೆನ್ನು ಬಿಚ್ಚಿದವರು ಯಾರು?

ಹೆಂಗಸರೂ ಇದ್ದರು. ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕಿನ ಮಾರ್ಗರೆಟ್ ಕಾಲ್ವಿನ್ 1871ರಲ್ಲಿ ಟ್ರಯಂಫ್ ರೋಟರಿ ವಾಷರ್ ಎಂಬ ಒಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದು, 1876ರ ಫಿಲಡೆಲ್ಫಿಯಾ ಮಹಾಪ್ರದರ್ಶನದ ಮಹಿಳಾ ಮಂಟಪದಲ್ಲಿ ಅದನ್ನು ತೋರಿಸಿದಳು. ಅದಾದ ಹನ್ನೆರಡು ವರ್ಷಕ್ಕೆ ವಾಷಿಂಗ್ಟನ್ ನಗರದ ಎಲೆನ್ ಎಗ್ಲಿನ್ ಎಂಬ ಕಪ್ಪು ಮಹಿಳೆ ಬಟ್ಟೆ ಹಿಂಡುವ ಯಂತ್ರವೊಂದನ್ನು ರೂಪಿಸಿದಳು, ಆದರೆ ಅದರ ಹಕ್ಕನ್ನು ಬರೀ 18 ಡಾಲರಿಗೆ ಏಜೆಂಟನೊಬ್ಬನಿಗೆ ಮಾರಿಬಿಟ್ಟಳು. ಕಪ್ಪು ಹೆಂಗಸು ಮಾಡಿದ ಯಂತ್ರವೆಂದು ಗೊತ್ತಾದರೆ ಬಿಳಿಯ ಹೆಂಗಸರು ಕೊಳ್ಳುವುದಿಲ್ಲ ಎಂಬುದು ಆಕೆ ಕೊಟ್ಟ ಕಾರಣ. ಯಂತ್ರದಿಂದ ಹಣ ಮಾಡಿಕೊಂಡವರು ಬೇರೆ.

ನನಗೆ ಇವರಿಬ್ಬರಿಗಿಂತ ಹತ್ತಿರದವಳೆನಿಸಿದ್ದು ಇಂಗ್ಲೆಂಡಿನ ಕ್ಯಾರೊಲಿನ್ ಹ್ಯಾಸ್ಲೆಟ್. ಬಾಯ್ಲರ್ ಕಂಪನಿಯೊಂದರಲ್ಲಿ ಕಾರಕೂನಿಕೆಗೆ ಸೇರಿ, ಅಲ್ಲಿಯೇ ಎಂಜಿನಿಯರಿಂಗ್ ಕಲಿತವಳು. 1919ರಲ್ಲಿ ಹುಟ್ಟಿದ ಮಹಿಳಾ ಎಂಜಿನಿಯರುಗಳ ಸಂಘಕ್ಕೆ ಮೊದಲ ಕಾರ್ಯದರ್ಶಿ. 1924ರಲ್ಲಿ ಮಹಿಳೆಯರ ವಿದ್ಯುತ್ ಸಂಘವನ್ನು ಕಟ್ಟುವುದರಲ್ಲಿ ಮುಂದೆ ನಿಂತಳು. ಕರೆಂಟು ಆಗಷ್ಟೇ ಮನೆಗಳಿಗೆ ಬರುತ್ತಿದ್ದ ಕಾಲ. ಗೃಹಿಣಿಯರಿಗೆ ಅದರ ಹೆಸರೆತ್ತಿದರೆ ಭಯ. ಆ ಸಂಘ ಊರೂರಿಗೆ ಶಾಖೆ ತೆರೆದು, ಭಾಷಣ, ಪ್ರಾತ್ಯಕ್ಷಿಕೆ, ಪತ್ರಿಕೆಗಳ ಮೂಲಕ ಫ್ಯೂಸ್ ಹಾಕುವುದು, ಪ್ಲಗ್ಗಿಗೆ ವೈರು ಜೋಡಿಸುವುದು, ಮೀಟರ್ ಓದುವುದನ್ನು ಹೆಂಗಸರಿಗೆ ಕಲಿಸಿತು. 1934ರಲ್ಲಿ ಮಹಿಳೆಯರಿಗಾಗಿಯೇ ವಿದ್ಯುತ್ ಕೈಪಿಡಿಯೊಂದನ್ನು ಹೊರತಂದಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಮನೆಗಳ ವೈರಿಂಗ್ ಹೇಗಿರಬೇಕೆಂದು ನಿರ್ಧರಿಸಲು ಕೂತ ತಜ್ಞರ ಸಮಿತಿಯಲ್ಲಿದ್ದ ಏಕೈಕ ಮಹಿಳೆ ಹ್ಯಾಸ್ಲೆಟ್. ಬ್ರಿಟನ್ನಿನ ಇಂದಿನ ಮೂರು ಪಿನ್ನಿನ ಪ್ಲಗ್ಗು ಆ ಸಮಿತಿಯ ಶಿಫಾರಸಿನ ಫಲ. ಮಕ್ಕಳು ಬೆರಳು ತೂರಿಸದಂತೆ ಸಾಕೆಟ್ಟಿನ ತೂತಿಗೆ ಮುಚ್ಚಳವಿರುವ ಪ್ಲಗ್ಗು.

ಆ ಸಂಘ 1986ರವರೆಗೂ ನಡೆಯಿತು. ದೊಡ್ಡ ಕಾರ್ಖಾನೆ, ಪ್ರಯೋಗಶಾಲೆಗಳ ಕತೆ ಓದುವುದಕ್ಕಿಂತ, ಚಹಾ ಕುಡಿಯುತ್ತ ಪ್ಲಗ್ ಬಿಚ್ಚಿ ಕೂತ ಹೆಂಗಸರ ಗುಂಪನ್ನು ಊಹಿಸಿಕೊಳ್ಳುವುದು ನನಗೆ ಇಷ್ಟ. ನಮ್ಮ ವೇದಿಕೆಯ ಭಾನುವಾರದ ಸಭೆಗಿಂತ ಅದೇನು ಬೇರೆಯೇ?

ಭಾರತದಲ್ಲಿ ಕತೆ ತಡವಾಗಿ ಶುರುವಾಯಿತು. 1974ರಲ್ಲಿ ಸ್ವಿಟ್ಜರ್ಲೆಂಡಿನ ಸಹಯೋಗದಲ್ಲಿ ಇಂಡಿಯನ್ ಫೈನ್ ಬ್ಲ್ಯಾಂಕ್ಸ್ ಎಂಬ ಹೆಸರಿನಲ್ಲಿ ಬಿಡಿಭಾಗ ಮಾಡಲು ಹೊರಟ ಕೋಲ್ಕತ್ತಾದ ಕಂಪನಿ, ಮುಂದೆ ಐಎಫ್‌ಬಿ ಆಗಿ ಗೋವಾದ ಕಾರ್ಖಾನೆಯಲ್ಲಿ ಫ್ರಂಟ್ ಲೋಡ್ ಮೆಷಿನ್ ತಯಾರಿಸಿತು. ನನ್ನ ಬಾಲ್ಯದ ಮಧ್ಯಮವರ್ಗದ ಮನೆಗಳಲ್ಲಿ ಕಂಡದ್ದು ಮಾತ್ರ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಅದಕ್ಕೊಂದು ಗುಣವಿತ್ತು. ಕೆಟ್ಟರೆ ಬೀದಿಯ ತುದಿಯ ಎಲೆಕ್ಟ್ರಿಷಿಯನ್ ಬಂದು ಬೆಲ್ಟೋ ಟೈಮರೋ ಬದಲಿಸಿ ಹೋಗುತ್ತಿದ್ದ. ಅಮ್ಮ ಪಕ್ಕದಲ್ಲಿ ನಿಂತು ನೋಡಿ ಮುಂದಿನ ಸಲ ಏನು ಕೆಟ್ಟಿದೆಯೆಂದು ತಾವೇ ಹೇಳುತ್ತಿದ್ದರು.

ಹಳೆಯ ಫುಲ್ ಆಟೋಮ್ಯಾಟಿಕ್ ಮೆಷಿನ್ನುಗಳ ಟೈಮರ್ ಎಂಬುದು ಹೊಟ್ಟೆಯಲ್ಲಿ ಪುಟ್ಟ ಮೋಟರ್ ಇಟ್ಟುಕೊಂಡ, ಉಬ್ಬುತಗ್ಗಿನ ಚಕ್ರಗಳ ಗೊಂಚಲು. ಚಕ್ರ ತಿರುಗಿದಂತೆ ಉಬ್ಬುಗಳು ಸ್ವಿಚ್ಚುಗಳನ್ನು ಒತ್ತಿ ನೀರು ಬಿಡು, ತಿರುಗು, ಹೊರಹಾಕು ಎನ್ನುತ್ತವೆ. ಸಾಫ್ಟ್‌ವೇರ್ ಇಲ್ಲದ ಪ್ರೋಗ್ರಾಂ. ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಅದರ ಜಾಗಕ್ಕೆ ಮೈಕ್ರೊಪ್ರೊಸೆಸರ್ ಬಂದ ಮೇಲೆ ಮೆಷಿನ್ ಜಾಣವಾಯಿತು, ನೀರು ಉಳಿಸಿತು, ಬಟ್ಟೆ ಒಂದೇ ಕಡೆ ಮುದ್ದೆಯಾದರೆ ತಾನೇ ತಿಳಿದು ಹರಡಿಕೊಳ್ಳುವುದನ್ನು ಕಲಿತಿತು. ಆದರೆ ಏನಾಗಿದೆ ಎಂದು ಹೇಳುವ ಬದಲು ಒಂದು ಅಕ್ಷರ, ಒಂದು ಅಂಕಿ ತೋರಿಸಿ ಸುಮ್ಮನಾಗತೊಡಗಿತು. ನನ್ನ ವೃತ್ತಿಯಲ್ಲಿ ದಿನವೂ ಎರರ್ ಕೋಡ್ ನೋಡುತ್ತೇನೆ. ಅದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ನೀರು ಹೊರಹೋಗಿಲ್ಲ ಎಂಬುದಷ್ಟನ್ನೇ ಬೋರ್ಡು ಬಲ್ಲದು, ಯಾಕೆ ಎಂಬುದು ಅದಕ್ಕೆ ಗೊತ್ತಿಲ್ಲ.

ಪುಣೆಯ ವಾಕಡ್‌ನಲ್ಲಿರುವ ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದೆ ಅಂಥದೇ ಕೋಡ್ ಬಂತು. ಬಂದ ಸರ್ವಿಸಿನವರು ಬಾಗಿಲಲ್ಲೇ ಕೇಳಿದ್ದು, ‘ಸಾಹೇಬರು ಇಲ್ಲವಾ?’ ಸಾಹೇಬರು ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದರು. ಐದು ನಿಮಿಷ ಮೆಷಿನ್ ನೋಡಿ, ನನ್ನನ್ನು ದಾಟಿ ಅವರಿಗೆ ವಿವರಿಸಿದ್ದು ಇಷ್ಟು: ಬೋರ್ಡು ಹೋಗಿದೆ, 7,000 ರೂಪಾಯಿ ಮೇಲಾಗುತ್ತದೆ. ಯೋಚಿಸಿ ಹೇಳುತ್ತೇವೆ ಎಂದು ಕಳಿಸಿದೆವು. ಅಂದು ರಾತ್ರಿ ಪ್ಲಗ್ ಕಿತ್ತು, ಕೆಳಗೆ ಮೂಲೆಯ ಪುಟ್ಟ ಮುಚ್ಚಳ ತೆರೆದೆ. ಒಳಗಿನ ತೆಳು ಪೈಪಿನಿಂದ ನೀರನ್ನು ತಟ್ಟೆಗೆ ಇಳಿಸಿಕೊಂಡು, ಪಂಪಿನ ಫಿಲ್ಟರನ್ನು ತಿರುಗಿಸಿ ಎಳೆದರೆ, ಒಂದು ಹೇರ್‌ಪಿನ್, ಒಂದು ರೂಪಾಯಿಯ ನಾಣ್ಯ, ಮಗಳ ಒಂಟಿ ಕಾಲುಚೀಲ. ಟಾರ್ಚು ಬಿಟ್ಟು ನೋಡಿ, ಹಿಂದಿನ ಪಂಪಿನ ರೆಕ್ಕೆಗೆ ಸುತ್ತಿದ್ದ ಕೂದಲನ್ನು ಚಿಮಟದಿಂದ ತೆಗೆದೆ. ಕೋಡ್ ಮತ್ತೆ ಬರಲಿಲ್ಲ. ಬೋರ್ಡು ಇವತ್ತಿಗೂ ಅದೇ.

ಅಂದಿನಿಂದ ನನ್ನ ಓದು ಶುರು. ಬಾಗಿಲು ಕೆಲಸ ಮುಗಿದ ಕೂಡಲೇ ತೆರೆಯದಿದ್ದರೆ ಗಾಬರಿ ಬೇಡ, ಎಷ್ಟೋ ಮೆಷಿನ್ನುಗಳ ಬೀಗದಲ್ಲಿ ಬಿಸಿಯಾದರೆ ಬಾಗುವ ಲೋಹದ ಪಟ್ಟಿಯಿರುತ್ತದೆ, ಅದು ಆರಲು ಒಂದೆರಡು ನಿಮಿಷ ಬೇಕು. ನೀರು ಸಣ್ಣಗೆ ಬರುತ್ತಿದ್ದರೆ ಹಿಂದಿನ ಪೈಪು ಬಿಚ್ಚಿ, ವಾಲ್ವಿನ ಬಾಯಲ್ಲಿರುವ ಜಾಲರಿ ತೊಳೆಯಬೇಕು. ಟ್ಯಾಂಕರ್ ನೀರಿನ ಮರಳೆಲ್ಲ ಅಲ್ಲೇ ಕೂತಿರುತ್ತದೆ. ಬಾಗಿಲ ರಬ್ಬರಿನ ಮಡಿಕೆಯನ್ನು ಬಿಡಿಸಿ ಒರೆಸಿ ಒಣಗಿಸಿದರೆ ಮುಗ್ಗಲು ವಾಸನೆ ಅರ್ಧ ಕಡಿಮೆ. ಮಡಿವಾಳರು ಬಟ್ಟೆಯನ್ನು ಉಬ್ಬೆಗೆ ಹಾಕಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಡ್ರಮ್ಮಿನಡಿಯ ಹೀಟರ್ ಮಾಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಖಾಲಿ ಡ್ರಮ್ಮಿಗೆ ನಿಂಬೆ ಉಪ್ಪು ಹಾಕಿ ಬಿಸಿನೀರಿನ ಸುತ್ತು ಓಡಿಸಿದರೆ ಅದು ಕರಗುತ್ತದೆ. ಅದಕ್ಕೆ ಬ್ಲೀಚ್ ಮಾತ್ರ ಬೆರೆಸಕೂಡದು, ವಿಷಗಾಳಿ ಏಳುತ್ತದೆ. ಬೋರ್ಡಿಗೆ, ಹೀಟರಿನ ವೈರಿಗೆ ನಾನು ಕೈ ಹಾಕುವುದಿಲ್ಲ.

ಹಳೆಯ ಮೆಷಿನ್ನುಗಳ ಮೋಟರಿನಲ್ಲಿ ಎರಡು ಕಾರ್ಬನ್ ಬ್ರಷ್ಷುಗಳಿರುತ್ತವೆ, ಪೆನ್ಸಿಲ್ ತುಂಡಿನಂತೆ ಸವೆಯುವ ಸಾಮಾನು. ನೀರು ತುಂಬಿಯೂ ಡ್ರಮ್ ತಿರುಗದಿದ್ದರೆ ಮೊದಲ ಅನುಮಾನ ಅವುಗಳ ಮೇಲೆ. ಹೊಸ ಮೆಷಿನ್ನುಗಳಲ್ಲಿ ಬ್ರಷ್ಷೇ ಇಲ್ಲದ ಮೋಟರ್ ಬಂದಿದೆ, ಒಳ್ಳೆಯದೇ. ಬೇರಿಂಗಿನ ಕತೆ ಉಲ್ಟಾ. ಹಿಂದೆ ತೊಟ್ಟಿಯ ಎರಡು ಹೋಳುಗಳನ್ನು ಬೋಲ್ಟಿನಿಂದ ಜೋಡಿಸುತ್ತಿದ್ದರು, ಬಿಚ್ಚಿ ಬೇರಿಂಗ್ ಬದಲಿಸಬಹುದಿತ್ತು. ಈಗ ಹಲವು ಮಾದರಿಗಳಲ್ಲಿ ಹೋಳುಗಳನ್ನು ಬೆಸೆದೇಬಿಡುತ್ತಾರೆ. ಅಂಗೈಯಗಲದ ಬೇರಿಂಗ್ ಹೋದರೆ ಡ್ರಮ್ ಸಮೇತ ಇಡೀ ತೊಟ್ಟಿಯನ್ನೇ ಕೊಳ್ಳಬೇಕು. ಆ ಬೆಲೆ ಕೇಳಿದವರು ಹೊಸ ಮೆಷಿನ್ನೇ ತರುತ್ತಾರೆ. ಈ ಬೆಸುಗೆಯಿಂದ ಕೊಂಡವರಿಗೆ ಏನು ಲಾಭ ಎಂಬುದು ನನಗಂತೂ ಹೊಳೆದಿಲ್ಲ.

ಇದರ ವಿರುದ್ಧದ ದನಿಯೂ ಎದ್ದಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಶುರುಮಾಡಿದ ರಿಪೇರಿ ಕೆಫೆ, 2015ರಲ್ಲಿ ನಮ್ಮ ಬೆಂಗಳೂರಿಗೂ ಬಂತು. ಕೆಟ್ಟ ಸಾಮಾನು ತನ್ನಿ, ಬಲ್ಲವರ ಜೊತೆ ಕೂತು ನೀವೇ ಸರಿಮಾಡಿ ಎನ್ನುವ ಕೂಟ ಅದು. ಭಾರತ ಸರ್ಕಾರ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಕಂಪನಿಗಳ ರಿಪೇರಿ ಮಾಹಿತಿಗೆಂದು ಜಾಲತಾಣ ತೆರೆಯಿತು. ಯುರೋಪಿನಲ್ಲಿ 2021ರ ಮಾರ್ಚಿನಿಂದ ಕಾನೂನೇ ಬಂದಿದೆ. ವಾಷಿಂಗ್ ಮೆಷಿನ್ನಿನ ಒಂದು ಮಾದರಿ ಮಾರುಕಟ್ಟೆಗೆ ಬರುವುದು ನಿಂತ ಮೇಲೂ 10 ವರ್ಷ ಅದರ ಮುಖ್ಯ ಬಿಡಿಭಾಗಗಳು ಸಿಗಬೇಕು.

ಆ ಕಾನೂನಿನಲ್ಲಿ ಎರಡು ಪಟ್ಟಿಗಳಿವೆ. ಬಾಗಿಲು, ಅದರ ಕೀಲು, ಬೀಗ, ರಬ್ಬರು, ಸೋಪಿನ ಡ್ರಾಯರ್: ಇವನ್ನು ಮನೆಯವರು ಕೇಳಿದರೂ ಕೊಡಬೇಕು. ಮೋಟರ್, ಪಂಪ್, ಶಾಕ್ ಅಬ್ಸಾರ್ಬರ್, ಬೇರಿಂಗ್‌ಗಳನ್ನು ವೃತ್ತಿಪರ ರಿಪೇರಿಯವರಿಗೆ ಕೊಟ್ಟರೆ ಸಾಕು. ಕಾರ್ಬನ್ ಬ್ರಷ್ಷು ಇರುವುದೂ ಆ ಎರಡನೇ ಪಟ್ಟಿಯಲ್ಲೇ. ಇಲ್ಲಿ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಗೆ ಹಳೆಯದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಅಂಗಡಿಯವರು ಅದನ್ನು ಅಳತೆಗೆ ಹಿಡಿದು ನೋಡಿ ಹೊಸ ಜೋಡಿ ತೆಗೆದುಕೊಟ್ಟರು. ಸಾಹೇಬರು ಎಲ್ಲಿ ಎಂದು ಕೇಳಲಿಲ್ಲ.